ಹುಳುವಿನ ಬಾಯಿ ಯಾವ ಕಡೆಗೆ

ನಮ್ಮ ಮನೆಯ ಮೀನಿನ ತೊಟ್ಟಿಯಲ್ಲಿ ಬಸವನಹುಳು ಕಾಣಿಸಿಕೊಂಡ ಬೆಳಿಗ್ಗೆ ಅಜ್ಜಿ ಒಂದು ಪಾವು ಅಕ್ಕಿ ಹೆಚ್ಚಿಗೆ ಅಳೆದು ಹಾಕಿದಳು. ಯಾಕೆಂದು ಯಾರೂ ಕೇಳಲಿಲ್ಲ. ಕರೆಯದ ಹುಳು ಬಂದ ಮನೆಗೆ ಕರೆಯದ ಮನುಷ್ಯರೂ ಬರುತ್ತಾರೆ. ನಮ್ಮೂರಿನಲ್ಲಿ ಇದು ಎಲ್ಲರಿಗೂ ಗೊತ್ತು, ಗೊತ್ತಿದೆ ಎಂದು ಹೇಳಿಕೊಳ್ಳುವುದೂ ಇಲ್ಲ. ಬೇರೆ ಊರುಗಳಲ್ಲಿ ನೆಂಟರು ಬರುವ ಮುಂಚೆ ಕಾಗೆ ಕೂಗುತ್ತದಂತೆ. ಕಾಗೆ ಕೂಗಿ ಹಾರಿಹೋಗುತ್ತದೆ, ಅದನ್ನು ನಂಬುವುದು ಹೇಗೋ ನನಗೆ ತಿಳಿಯದು. ಹುಳು ಹಾಗಲ್ಲ, ಬಂದರೆ ಇರುತ್ತದೆ.

ಪ್ರತಿ ಮನೆಯ ಪಡಸಾಲೆಯಲ್ಲೂ ಗಾಜಿನ ತೊಟ್ಟಿಯೊಂದು ಇರುತ್ತದೆ. ಅದರಲ್ಲಿ ಮರಳು, ನೀರುಬಳ್ಳಿ, ನಾಲ್ಕಾರು ಮೀನು. ಬಳ್ಳಿಯನ್ನು ಸಂತೆಯಲ್ಲಿ ಹನೀಫಣ್ಣನ ಹತ್ತಿರ ತರುತ್ತೇವೆ. ಬೇರಿನ ಸಂದಿಯಲ್ಲಿ, ಎಲೆಯ ಬೆನ್ನಿನಲ್ಲಿ, ಸಾಸಿವೆಗಿಂತ ಸಣ್ಣದಾಗಿ ಅಂಟಿಕೊಂಡು ಹುಳು ಬರುತ್ತದೆ. ಎಷ್ಟು ತೊಳೆದರೂ ಬರಬೇಕೆಂದಿದ್ದರೆ ಬಂದೇ ಬರುತ್ತದೆ. ಆಮೇಲೆ ಒಂದು ದಿನ ಬಾಗಿಲಲ್ಲಿ ಯಾರೋ ನಿಂತಿರುತ್ತಾರೆ.

ಹುಳುವಿನ ಹಾಗೆ ಮನುಷ್ಯ. ಚಕ್ಕುಲಿಯಂತೆ ಚಪ್ಪಟೆಯಾಗಿ ಸುತ್ತಿಕೊಂಡ ಹುಳು ಬಂತೆಂದರೆ ಬರುವವರು ಉಳಿದಿದ್ದೆಲ್ಲ ತಿಂದು ಪಾತ್ರೆ ಬೆಳಗಿಡುವ ಜನ. ಎದುರುಮನೆ ಗಂಗಾಬಾಯಿ ಮೀನಿಗೆ ಹಿಡಿ ಹಿಡಿ ತಿಂಡಿ ಸುರಿಯುತ್ತಿದ್ದಳು. ಮೀನು ಬಿಟ್ಟದ್ದನ್ನು ತಿಂದು ಚಕ್ಕುಲಿಗಳು ಗಾಜಿನ ತುಂಬ ಆದವು, ಅಷ್ಟೇ ಜನ ಮನೆಯ ತುಂಬ ಆದರು. ಕೊನೆಗೆ ಅವರನ್ನೇ ಒಲೆಯ ಮುಂದೆ ಕೂರಿಸಿ ಗಂಗಾಬಾಯಿ ಖಾನಾವಳಿ ತೆರೆದಳು, ಈಗ ನಮಗಿಂತ ಚೆನ್ನಾಗಿದ್ದಾಳೆ. ಕಹಳೆಯಂತೆ ಉದ್ದಕ್ಕೆ ಚೂಪಾದ ಹುಳು ಹಗಲೆಲ್ಲ ಮರಳಿನೊಳಗೆ ಹೂತಿರುತ್ತದೆ. ಅದರ ಜೊತೆ ಬಂದವರು ಅಟ್ಟದ ಮೇಲೆ ಮಲಗಿದ್ದು, ದೀಪ ಹಚ್ಚುವ ಹೊತ್ತಿಗೆ ಇಳಿದುಬಂದು ಮನೆಯಲ್ಲಿ ಮುರಿದದ್ದನ್ನೆಲ್ಲ ಸರಿಮಾಡುತ್ತಾರೆ. ನನ್ನಪ್ಪ ಹತ್ತಿ ಹಾಸಿಗೆ ಹೊಲಿಯುವವನು. ಅವನ ಅಂಗಡಿಯ ಕದ ಕಿರುಗುಟ್ಟುವುದು ನಿಂತದ್ದು ಅಂಥವರೊಬ್ಬರಿಂದಲೇ.

ಕಷ್ಟವಿರುವುದು ಮೂರನೆಯ ಹುಳುವಿನಲ್ಲಿ. ಕಡಲೆಕಾಳಿನಷ್ಟು ಗಾತ್ರ, ಬೆಲ್ಲದ ಪಾಕದ ಬಣ್ಣ, ಮೇಲೆ ಸಣ್ಣ ಚೂಪು ತುದಿ. ತುದಿ ಮೇಲಕ್ಕಿರುವಾಗ ಚಿಪ್ಪಿನ ಬಾಯಿ ಎಡಕ್ಕೆ ತೆರೆದಿದ್ದರೆ ಅದು ಪಾಚಿ ನೆಕ್ಕಿಕೊಂಡು ಬದುಕುವ ಸಾಧು. ಅದರ ಜೊತೆ ಬಂದವರು ಮನೆಯಲ್ಲೇ ಉಳಿಯುತ್ತಾರೆ, ಮನೆಯ ಹೆಂಗಸರು ಅವರಿಗೆ ಮಣೆ ಹಾಕಿ ಅಣ್ಣಾ ಎಂದೋ ಅಕ್ಕಾ ಎಂದೋ ಕರೆಯುತ್ತಾರೆ. ಅಲ್ಲಿಂದಾಚೆ ಅವರು ಒಡಹುಟ್ಟಿದವರೇ. ಬಾಯಿ ಬಲಕ್ಕಿದ್ದರೆ ಅದು ಎಲೆ ತಿನ್ನುವ ಹುಳು. ಅದರ ಜೊತೆ ಬಂದವರನ್ನು ಗೊತ್ತಾದ ದಿನವೇ ಕಳಿಸಿಕೊಡಬೇಕು, ಮತ್ತು ಅವರು ಬರಿಗೈಯಲ್ಲಿ ಹೋಗುವುದಿಲ್ಲ. ಮನೆಯಿಂದ ಜೀವವಿರುವುದೇನಾದರೂ ಒಂದು ಅವರ ಜೊತೆ ಹೊರಟುಬಿಡುತ್ತದೆ. ಅದಕ್ಕೇ ಜನ ಹೊಸಿಲಿನ ಹತ್ತಿರ ಕೋಳಿಯನ್ನೋ ಕುಂಬಳದ ಸಸಿಯನ್ನೋ ಇಟ್ಟು, ಇದನ್ನೇ ಒಯ್ಯಲಪ್ಪಾ ಎಂದು ಒಳಗೆ ನಿಂತು ಕಾಯುತ್ತಾರೆ.

ಯಾವ ಕಡೆಗಿದೆ ಎಂದು ನೋಡಿ ಹೇಳಬೇಕಾದವಳು ಮನೆಯ ಹೆಣ್ಣುಗಳಲ್ಲಿ ಎಲ್ಲರಿಗಿಂತ ಚಿಕ್ಕವಳು. ನಮ್ಮ ಮನೆಯಲ್ಲಿ ನಾನು, ಕುಮುದ. ಕನಸು ಕಾಣುತ್ತ ಹಾಲು ಉಕ್ಕಿಸುವವಳು, ಅಜ್ಜಿಯ ಕಥೆ ಕೇಳಿ ಕೇಳಿ ಗಾಳಿ ಬೀಸಿದರೂ ಯಾರೋ ಕರೆದರೆಂದು ಬಾಗಿಲಿಗೆ ಹೋಗುವವಳು. ಇಂಥವಳ ಕಣ್ಣಿನ ಮೇಲೆ ಮನೆ ನಿಂತಿತ್ತು.

ಇನ್ನೊಂದು ಮಾತು ಹೇಳಬೇಕು. ನಮ್ಮೂರಿನಲ್ಲಿ ಹೊಸದಾಗಿ ಬಂದದ್ದನ್ನು ನೇರವಾಗಿ ದಿಟ್ಟಿಸುವುದಿಲ್ಲ. ಅದು ಇಂಥದ್ದೆಂದು ಗೊತ್ತಾಗುವವರೆಗೆ ಕನ್ನಡಿಯಲ್ಲೇ ನೋಡಬೇಕು. ಪ್ರತಿ ಬಾಗಿಲ ಪಕ್ಕದಲ್ಲೂ, ಪ್ರತಿ ತೊಟ್ಟಿಯ ಪಕ್ಕದಲ್ಲೂ ಒಂದೊಂದು ದುಂಡು ಕನ್ನಡಿ ನೇತಾಡುತ್ತಿರುತ್ತದೆ. ಬಂದವರಿಗೆ ಬೆನ್ನು ಮಾಡಿ, ಕನ್ನಡಿ ಹಿಡಿದು, ಬನ್ನಿ ಕೂತ್ಕೊಳ್ಳಿ ಎನ್ನುತ್ತೇವೆ. ಅವರೂ ಗೋಡೆಯ ಕಡೆ ಮುಖ ಮಾಡಿ ಉಣ್ಣುತ್ತಾರೆ. ಹೆಸರು ಹೇಳುವುದಿಲ್ಲ, ನಾವು ಕೇಳುವುದೂ ಇಲ್ಲ. ಬಂದವರು ಎಂದರೆ ಸಾಕು.

ನಮ್ಮ ಮನೆಗೆ ಬಂದವರು ಮಧ್ಯಾಹ್ನದ ಬಿಸಿಲಿನಲ್ಲಿ ಬಂದರು. ಒಂದು ಬಟ್ಟೆ ಚೀಲ, ಒಂದು ಛತ್ರಿ. ಬಾಗಿಲ ಕನ್ನಡಿಯಲ್ಲಿ ಕಿವಿಯ ಪಕ್ಕದ ನರೆತ ಕೂದಲೂ ಎಡಗೆನ್ನೆಯ ಮೇಲೊಂದು ಮಚ್ಚೆಯೂ ಕಂಡವು.

"ಬಸ್ಸು ತಪ್ಪೋಯ್ತು," ಎಂದರು. "ಇಲ್ಲಿ ಅನ್ನ ಆಗಿದೆ ಅಂತ ಯಾಕೋ ಅನ್ನಿಸ್ತು."

"ಆಗಿದೆ," ಎಂದಳು ಮೈನತ್ತೆ, ಗೋಡೆಯ ಕಡೆ ತಿರುಗಿಕೊಂಡು. "ಸಾರು ಮಾತ್ರ ನಿನ್ನೇದು."

ಮೈನತ್ತೆ ಅಪ್ಪನ ತಂಗಿ. ಮೈನಾವತಿ ಅಂತ ಪೂರ್ತಿ ಹೆಸರು. ಅಮ್ಮ ಹೋದಮೇಲೆ ನನ್ನ ಜಡೆ ಹೆಣೆದವಳು ಅವಳೇ, ಜ್ವರ ಬಂದಾಗ ಪಕ್ಕದಲ್ಲಿ ಕೂತವಳೂ ಅವಳೇ. ಒಂದು ಕಾಲಕ್ಕೆ ಅವಳನ್ನು ನೋಡಲು ಗಂಡಿನ ಕಡೆಯವರು ಬರುತ್ತಿದ್ದರಂತೆ. ಮಗು ಇನ್ನೂ ಚಿಕ್ಕದು, ಮುಂದಿನ ವರ್ಷ ನೋಡೋಣ ಎಂದು ಅವಳೇ ತಳ್ಳುತ್ತ ಬಂದಳಂತೆ. ಆ ಮಗು ನಾನು. ನಾನು ದೊಡ್ಡವಳಾಗುವಷ್ಟರಲ್ಲಿ ಬರುವವರು ನಿಂತಿದ್ದರು. ಅವಳು ಅಪ್ಪನಿಗೆ ದಿಂಬಿನ ಗವಸು ಹೊಲಿದುಕೊಡುತ್ತ ಇದ್ದಳು, ಅಷ್ಟೆ. ನಗುತ್ತಿರಲಿಲ್ಲವೆಂದಲ್ಲ. ನಮ್ಮ ನಗುವಿಗೆ ಜೊತೆಯಾಗುತ್ತಿದ್ದಳು.

ಬಂದವರು ಸುಮ್ಮನೆ ಕೂರುವ ಜಾತಿಯಲ್ಲ. ಗೋಡೆಗೆ ಮುಖ ಮಾಡಿಕೊಂಡೇ ಹಳೇ ಹತ್ತಿ ಬಿಡಿಸಿಕೊಟ್ಟರು, ಸೂಜಿಗೆ ದಾರ ಪೋಣಿಸಿ ಹಿಂದಕ್ಕೆ ಕೈ ಚಾಚಿದರು. ಅತ್ತೆ ತಿರುಗದೆಯೇ ತೆಗೆದುಕೊಂಡಳು. ಬೆನ್ನಿಗೆ ಬೆನ್ನು ಕೊಟ್ಟು ಇಬ್ಬರೂ ಮಾತಾಡುವುದು ನನಗೆ ತೊಟ್ಟಿಯ ಹತ್ತಿರ ಕೇಳುತ್ತಿತ್ತು.

"ನಿಮ್ಮೂರಲ್ಲಿ ತೊಟ್ಟಿ ಇಲ್ವಾ?"

"ಇಲ್ಲ. ಬಾಗಿಲು ತೆಗೆದ್ರೆ ಸೀದಾ ಎದುರಿಗೆ ಮುಖ ಕಾಣತ್ತೆ."

"ಅಯ್ಯೋ, ನಾಚಿಕೆ ಆಗಲ್ವಾ?"

"ಆಗತ್ತೆ. ಆದ್ರೆ ಬಾಗಿಲು ಬಡಿದ ಮೇಲೆ ತೆಗೀಲೇಬೇಕಲ್ಲ."

ಅತ್ತೆ ನಕ್ಕಳು. ಆ ನಗುವಿಗೆ ನಾವ್ಯಾರೂ ಕಾರಣರಲ್ಲ. ನನಗಾದದ್ದು ಖುಷಿಯೋ ಹೆದರಿಕೆಯೋ ತಿಳಿಯಲಿಲ್ಲ. ಅದಕ್ಕೇ ಕನ್ನಡಿ ತೆಗೆದುಕೊಂಡು ಹುಳುವನ್ನು ನೋಡಲು ಕೂತೆ.

ಹುಳು ಗಾಜಿನ ಮೇಲೆ ಬಲು ಬೇಗ ಹೋಗುತ್ತಿತ್ತು. ಬಸವನಹುಳು ನಿಧಾನ ಎನ್ನುವವರು ಇದನ್ನು ನೋಡಿಲ್ಲ. ತುದಿ ಮೇಲಕ್ಕೆ ಬಂದು ನಿಲ್ಲಲಿ ಎಂದು ಕಾದೆ, ನಿಂತಿತು. ಕನ್ನಡಿಯಲ್ಲಿ ಬಾಯಿ ಬಲಕ್ಕಿತ್ತು. ಅಷ್ಟರಲ್ಲಿ ಹುಳು ತಿರುಗಿ ತಲೆಕೆಳಗಾಗಿ ಇಳಿಯತೊಡಗಿತು, ಬಾಯಿ ಎಡಕ್ಕೆ ಬಂತು. ಯಾರೂ ನೋಡುತ್ತಿಲ್ಲವೆಂದು ಖಾತ್ರಿಮಾಡಿಕೊಂಡು, ಮತ್ತೆ ತುದಿ ಮೇಲಾಗುವವರೆಗೆ ಕಾದು, ಕನ್ನಡಿ ಕೆಳಗಿಟ್ಟು ನೇರವಾಗಿ ನೋಡಿಯೇಬಿಟ್ಟೆ. ಎಡ. ಕನ್ನಡಿ ಎತ್ತಿದೆ. ಬಲ. ಕನ್ನಡಿಯೊಳಗೆ ನನ್ನ ಮೂಗುತಿಯೂ ಇನ್ನೊಂದು ಕಡೆಗಿತ್ತು. ಇಷ್ಟು ವರ್ಷ ನಾನದನ್ನು ಗಮನಿಸಿಯೇ ಇರಲಿಲ್ಲ.

ಓಡಿ ಅಜ್ಜಿಯ ಹತ್ತಿರ ಹೋದೆ. "ಅಜ್ಜಿ, ಬಲಬಾಯಿ ಅಂತಾರಲ್ಲ, ಅದು ಕನ್ನಡಿಯೊಳಗಿನ ಬಲವೋ, ಹುಳದ ಬಲವೋ?"

ಅಜ್ಜಿ ಅಡಿಕೆ ಕತ್ತರಿಸುತ್ತಿದ್ದಳು. "ಬಲ ಅಂದ್ರೆ ಉಣ್ಣೋ ಕೈ ಕಡೆ."

"ಯಾರು ಉಣ್ಣೋ ಕೈ? ನಂದೋ, ಅದರದ್ದೋ?"

"ಹುಳಕ್ಕೆಲ್ಲೇ ಕೈ?"

"ಅದೇ ಅಜ್ಜಿ. ಕನ್ನಡೀಲಿ ನೋಡಿದ್ರೆ ಒಂದು, ಸೀದಾ ನೋಡಿದ್ರೆ ಇನ್ನೊಂದು."

"ಸೀದಾ ನೋಡಿದ್ಯಾ?"

"ಇಲ್ಲ," ಎಂದೆ. ಅಜ್ಜಿ ನನ್ನ ಮುಖ ನೋಡಿ ಅಡಕತ್ತರಿ ಕೆಳಗಿಟ್ಟಳು. ತನ್ನ ಅತ್ತೆ ಹೇಳಿದ್ದು ಹೀಗೆ, ಅವಳ ಅತ್ತೆ ಹೇಳಿದ್ದು ಹೀಗೆ ಎಂದು ಒಂದು ಕಥೆ ಶುರುಮಾಡಿದಳು. ಅದರಲ್ಲಿ ರಾಣಿಯೊಬ್ಬಳು ಬಂದಳು, ಬಾವಿಯೊಳಗೆ ಇಳಿದಳು, ಇನ್ನೊಂದು ಊರಿನ ಬಾವಿಯಲ್ಲಿ ಎದ್ದಳು. ಕಥೆ ಮುಗಿದಾಗ ಬಲ ಯಾವುದೆಂದು ಇಬ್ಬರಿಗೂ ಮರೆತುಹೋಗಿತ್ತು. "ಎಲೆ ತಿಂತಾ ಇದೆಯಾ ನೋಡು," ಎಂದಳು ಕೊನೆಗೆ. "ತಿಂದ್ರೆ ಬಲ."

ಒಂದು ಎಲೆಯಲ್ಲಿ ತೂತುಗಳಿದ್ದವು, ಹುಳು ಅದರ ಮೇಲೇ ಕೂತಿತ್ತು. ಆದರೆ ಆ ಎಲೆ ಹಳದಿಯಾಗಿ ಕೊಳೆಯತೊಡಗಿತ್ತು. ಹುಳು ಕೂತದ್ದಕ್ಕೆ ಹಳದಿಯಾಯಿತೋ, ಹಳದಿಯಾದದ್ದಕ್ಕೆ ಹುಳು ಕೂತಿತೋ? ಪಕ್ಕದ ಹಸಿರು ಎಲೆಗಳ ಮೇಲೆಲ್ಲ ಅದು ಓಡಾಡಿದ ಗುರುತಿತ್ತು. ಅಲ್ಲಿ ಪಾಚಿ ಮಾತ್ರ ಹೋಗಿತ್ತು, ಎಲೆ ತೊಳೆದಿಟ್ಟ ಹಾಗಿತ್ತು.

ಮಾರನೆಯ ದಿನ ಸಂತೆಗೆ ಹೋಗಿ ಹನೀಫಣ್ಣನನ್ನು ಕೇಳಿದೆ. ಅವನು ನೀರುಬಳ್ಳಿಯ ಕಟ್ಟುಗಳಿಗೆ ನೀರು ಚಿಮುಕಿಸುತ್ತ ಕೂತಿದ್ದ.

"ನಾನು ಮಾರೋದು ಬಳ್ಳಿ ಕಣಮ್ಮ. ಹುಳ ಪುಕ್ಕಟೆ. ಪುಕ್ಕಟೆ ಕೊಟ್ಟಿದ್ದಕ್ಕೆ ನಾನು ಜವಾಬ್ದಾರನಲ್ಲ."

"ಗುರುತು ಹಿಡಿಯೋದು ಹೇಗೆ ಅಂತ ಹೇಳಿ ಸಾಕು."

"ಕೊಂಬು ನೋಡ್ಬೇಕು. ಒಂದಕ್ಕೆ ದಾರದ ಹಂಗೆ ಸಣ್ಣಗಿರುತ್ತೆ, ಇನ್ನೊಂದಕ್ಕೆ ಕರುವಿನ ಕಿವಿ ಹಂಗೆ ಅಗಲಕ್ಕೆ."

"ಯಾವುದು ಯಾವುದಕ್ಕೆ?"

ಹನೀಫಣ್ಣ ತಲೆ ಕೆರೆದುಕೊಂಡ. "ಅದು ನಮ್ಮನೆಯವಳಿಗೆ ಗೊತ್ತಿತ್ತು. ಅವಳು ಬಲಬಾಯಿ ಜೊತೆ ಹೊರಟೋದ್ಲಲ್ಲ."

"ಬಾಗಿಲಲ್ಲಿ ಏನೂ ಇಟ್ಟಿರಲಿಲ್ವಾ?"

"ಬಾಳೆಕಂದು ಇಟ್ಟಿದ್ದೆ. ಮುಟ್ಲೇ ಇಲ್ಲ. ಹೋದ ವರ್ಷ ಗೊನೆ ಬಿಡ್ತು." ಅವನು ಒಂದು ಬಳ್ಳಿಯ ಕಟ್ಟನ್ನು ನನ್ನ ಕೈಗೆ ಹಾಕಿದ. "ತಗೊಂಡೋಗು. ಚೆನ್ನಾಗಿ ತೊಳಿ."

ಅಲ್ಲಿಯವರೆಗೆ ನಾನು ಒಯ್ಯುವುದೆಂದರೆ ಕೋಳಿ, ಸಸಿ ಎಂದುಕೊಂಡಿದ್ದೆ. ಮನುಷ್ಯರನ್ನೂ ಒಯ್ಯುತ್ತಾರೆಂದು ಅಜ್ಜಿಯ ಯಾವ ಕಥೆಯಲ್ಲೂ ಬಂದಿರಲಿಲ್ಲ. ಅಥವಾ ಬಂದಿತ್ತೇನೋ, ನಾನು ಅಷ್ಟರಲ್ಲಿ ನಿದ್ದೆ ಹೋಗಿರಬೇಕು.

ಅದೇ ದಿನ ಊಟಕ್ಕೆ ಕೂತಾಗ ಮಾತಿಗೆ ಮಾತು ಬಂತು. ಬಂದವರು ಹಿತ್ತಿಲಿಗೆ ಕೈ ತೊಳೆಯಲು ಹೋಗಿದ್ದರು. ಅಪ್ಪ, ಮನುಷ್ಯ ಒಳ್ಳೆಯವನ ಹಾಗೆ ಕಾಣುತ್ತಾನೆ ಎಂದ. ಅವನ ಮೀಸೆಯ ತುಂಬ ಹತ್ತಿಯ ಎಳೆ ಅಂಟಿತ್ತು.

"ಎಡಗೆನ್ನೆ ಮೇಲೆ ಮಚ್ಚೆ ಇರೋರು ಮಾತು ಉಳಿಸ್ಕೊಳ್ತಾರಂತೆ," ಎಂದೆ ನಾನು, ಸುಮ್ಮನೆ.

"ಬಲಗೆನ್ನೆ ಕಣೇ," ಎಂದಳು ಮೈನತ್ತೆ, ಅಪ್ಪನಿಗೆ ಮಜ್ಜಿಗೆ ಬಡಿಸುತ್ತ.

ಮಜ್ಜಿಗೆ ಎಲೆಯ ಆಚೆ ಹರಿಯಿತು. ಅಪ್ಪ ತಲೆಯೆತ್ತಲಿಲ್ಲ. ಅಜ್ಜಿಗೆ ಕೇಳಿಸಿತೋ ಇಲ್ಲವೋ, ಉಪ್ಪಿನಕಾಯಿ ಕೇಳಿದಳು. ನಾನು ಅತ್ತೆಯನ್ನೇ ನೋಡಿದೆ. ಅವಳ ಕಿವಿ ಕೆಂಪಾಗಿತ್ತು. ಬಂದವರ ಮುಖವನ್ನು ಅವಳು ಸೀದಾ ನೋಡಿದ್ದಳು. ಎಲ್ಲಿ, ಯಾವಾಗ, ನನಗೇನು ಗೊತ್ತು. ಹಿತ್ತಿಲಲ್ಲಿ ಬಟ್ಟೆ ಹರವುವಾಗಲೋ, ಬಾವಿಕಟ್ಟೆಯ ಹತ್ತಿರವೋ. ನಮ್ಮೂರಿನಲ್ಲಿ ಗೊತ್ತಿಲ್ಲದವರ ಮುಖವನ್ನು ಒಬ್ಬಳು ಹೆಂಗಸು ನೇರವಾಗಿ ನೋಡಿದಳೆಂದರೆ ಅದಕ್ಕಿಂತ ಹೆಚ್ಚಿಗೆ ಹೇಳುವುದೇನೂ ಉಳಿದಿರುವುದಿಲ್ಲ.

ಆಮೇಲೆ ನನಗೆ ಒಂದೇ ಯೋಚನೆ. ಬಲ ಎಂದರೆ ಅವರು ಹೋಗುತ್ತಾರೆ, ಹೋಗುವಾಗ ಅತ್ತೆಯನ್ನು ಒಯ್ಯುತ್ತಾರೆ. ಎಡ ಎಂದರೆ ಅವರು ಇಲ್ಲೇ ಇರುತ್ತಾರೆ, ಅತ್ತೆಯೂ ಇಲ್ಲೇ ಇರುತ್ತಾಳೆ, ಹೀಗೇ ಸೂಜಿಗೆ ದಾರ ಪೋಣಿಸುತ್ತ, ನಗುತ್ತ. ಇಬ್ಬರಿಗೂ ಒಳ್ಳೆಯದೇ ಅಲ್ಲವೇ? ಹುಳು ನಿಜಕ್ಕೂ ಯಾವುದೆಂದು ನೋಡುವುದನ್ನೇ ಬಿಟ್ಟೆ. ಕೊಂಬು ಒಮ್ಮೆ ದಾರದ ಹಾಗೆ ಕಾಣುತ್ತಿತ್ತು, ಇನ್ನೊಮ್ಮೆ ಕಿವಿಯ ಹಾಗೆ. ಹುಳು ತನಗೇ ಗೊತ್ತಿಲ್ಲದ ಹಾಗೆ ಓಡಾಡಿಕೊಂಡಿತ್ತು.

ಅಜ್ಜಿಗೆ ತಡೆಯಲಾಗಲಿಲ್ಲ. "ಬಂದವರನ್ನ ಎಷ್ಟು ದಿನ ಗೋಡೆ ನೋಡಿಸ್ಕೊಂಡು ಕೂರಿಸ್ತೀರಿ? ನಾಳೆ ಬೆಳಿಗ್ಗೆ ಹೇಳ್ಬಿಡು ಕುಮುದಾ. ಎಡವಾದ್ರೆ ಮಣೆ, ಬಲವಾದ್ರೆ ದಾರಿ."

ಬೆಳಿಗ್ಗೆ ಎಲ್ಲರೂ ಪಡಸಾಲೆಯಲ್ಲಿ ಸೇರಿದೆವು. ಅಪ್ಪ ಅಂಗಡಿಗೆ ಹೋಗಿರಲಿಲ್ಲ. ಬಂದವರು ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಗೆ ಮುಖ ಮಾಡಿ ಕೂತಿದ್ದರು, ಪರೀಕ್ಷೆಗೆ ಬಂದ ಹುಡುಗನ ಹಾಗೆ. ಅತ್ತೆ ಕಂಬದ ಹಿಂದೆ ನಿಂತಿದ್ದಳು. ನಾನು ಕನ್ನಡಿ ಹಿಡಿದು, ನೋಡಿದ ಹಾಗೆ ಮಾಡಿ, "ಎಡ," ಎಂದೆ.

ಅಜ್ಜಿ ಕೈ ಮುಗಿದಳು. ಅಪ್ಪ ಉಸಿರು ಬಿಟ್ಟು, ಗಂಡಾಳು ಸಿಕ್ಕ, ಇನ್ನು ಹಳೇ ಹತ್ತಿಯ ಕೆಲಸ ಹಗುರಾಯಿತು ಎಂದ.

"ಮೈನಾ," ಎಂದಳು ಅಜ್ಜಿ. "ಅಣ್ಣಂಗೆ ಮಣೆ ತಂದು ಹಾಕು. ಅಣ್ಣಾ ಬಾ ಅಂತ ಕರಿ. ಆಮೇಲೆ ಎಲ್ಲರೂ ಮುಖ ನೋಡ್ಬಹುದು."

ಗೋಡೆಯ ಮುಂದೆ ಕೂತವರ ಬೆನ್ನು ಒಂದಿಷ್ಟು ಬಾಗಿತು. ಅತ್ತೆ ಅಡುಗೆಮನೆಗೆ ಹೋದಳು. ಹೋದವಳು ಬರಲಿಲ್ಲ. ಅಜ್ಜಿ ಎರಡನೇ ಸಲ ಕರೆದ ಮೇಲೆ ನಾನೇ ಒಳಗೆ ಹೋದೆ. ಅತ್ತೆ ಮಣೆಯನ್ನು ಎದೆಗೆ ಅವುಚಿಕೊಂಡು ಒಲೆಯ ಮುಂದೆ ನಿಂತಿದ್ದಳು.

"ಸರಿಯಾಗಿ ನೋಡಿದ್ಯಾ?" ಎಂದಳು.

"ನೋಡ್ದೆ."

"ಎಷ್ಟು ಸಲ?"

"ತುಂಬಾ ಸಲ. ಒಂದೊಂದು ಸಲ ಒಂದೊಂದು ಥರ ಕಾಣತ್ತೆ ಅತ್ತೆ. ನಂಗೊಂದೂ ಅರ್ಥ ಆಗ್ಲಿಲ್ಲ."

"ಮತ್ತೆ ಎಡ ಅಂತ ಹೇಗೆ ಹೇಳಿದೆ?"

ನಾನು ಬಾಗಿಲ ಚಿಲಕ ಆಡಿಸುತ್ತ ನಿಂತೆ. "ನೀನು ಹೋಗ್ಬಾರ್ದು ಅಂತ."

ಅತ್ತೆ ನನ್ನ ಹಣೆಯ ಮೇಲೆ ಬಿದ್ದಿದ್ದ ಕೂದಲನ್ನು ಹಿಂದಕ್ಕೆ ಸರಿಸಿದಳು. "ನಾನೆಲ್ಲಿಗೆ ಹೋಗ್ತೀನೇ ಹುಚ್ಚಿ. ಒಂದು ಮಾತು ತಾನೆ, ಹೇಳಿದ್ರಾಯ್ತು." ಮಣೆ ಹಿಡಿದು ಬಾಗಿಲವರೆಗೆ ಬಂದು ನಿಂತಳು. ಅಣ್ಣಾ ಎನ್ನಲು ಅವಳ ತುಟಿ ಅಲುಗಿದ್ದು ನನಗೆ ಕಂಡಿತು. ದನಿ ಹೊರಡಲಿಲ್ಲ. ನೀರು ಕುಡಿದು ಬಂದು ಮತ್ತೆ ನಿಂತಳು. ಮತ್ತೆ ತುಟಿ ಅಲುಗಿತು. ಅವಳು ಹೇಳಿಯೇಬಿಡುತ್ತಿದ್ದಳು. ಮುಂದಿನ ವರ್ಷ ನೋಡೋಣ ಎಂದು ಹೇಳಿ ಹೇಳಿ ಅವಳಿಗೆ ಅಭ್ಯಾಸವಿತ್ತು.

ನಾನು ಅವಳ ಕೈಯಿಂದ ಮಣೆ ಕಿತ್ತುಕೊಂಡು ಗೋಡೆಗೆ ಒರಗಿಸಿದೆ.

"ಇನ್ನೊಂದು ಸಲ ನೋಡ್ತೀನಿ," ಎಂದು ಪಡಸಾಲೆಗೆ ಹೋದೆ. "ಕನ್ನಡಿ ಓರೆಯಾಗಿತ್ತು."

ಹುಳು ಆಗ ನೀರಿನ ಮೇಲ್ಭಾಗಕ್ಕೆ ಅಂಗಾತವಾಗಿ ಅಂಟಿಕೊಂಡು ತೇಲುತ್ತಿತ್ತು. ತುದಿ ಕೆಳಗೆ, ಪಾದ ಆಕಾಶಕ್ಕೆ. ಅದಕ್ಕೆ ಎಡವೂ ಇರಲಿಲ್ಲ, ಬಲವೂ ಇರಲಿಲ್ಲ. ಕನ್ನಡಿಯಲ್ಲಿ ಅದು ಒಂದು ಚುಕ್ಕೆಯಂತೆ ಕಂಡಿತು, ಅದರ ಹಿಂದೆ ಬಾಗಿಲಲ್ಲಿ ನಿಂತ ಅತ್ತೆಯ ಸೀರೆಯ ಅಂಚು ಕಂಡಿತು.

"ಬಲ," ಎಂದೆ.

"ಎಲೆಅಡಿಕೆ ಹಾಕ್ಕೊಳ್ಳೋಷ್ಟರಲ್ಲಿ ಹುಳದ ಬಾಯಿ ತಿರುಗ್ತೇನೇ?" ಎಂದಳು ಅಜ್ಜಿ.

"ತಿರುಗ್ತೋ ಏನೋ. ಈಗ ಬಲ."

ಅಪ್ಪ ನನ್ನನ್ನು ನೋಡಿದ, ತನ್ನ ತಂಗಿಯನ್ನು ನೋಡಿದ, ಮೀಸೆಯಿಂದ ಹತ್ತಿಯ ಎಳೆಯೊಂದನ್ನು ತೆಗೆದ. "ಚಿಕ್ಕವಳು ಹೇಳಿದ ಮೇಲೆ ಮುಗೀತು," ಎಂದು ಎದ್ದು, ಹಿತ್ತಿಲಿಂದ ಕೆಂಪು ಹೇಂಟೆಯನ್ನು ಹಿಡಿದುತಂದು ಹೊಸಿಲಿನ ಹೊರಗೆ ಗೂಟಕ್ಕೆ ಕಟ್ಟಿದ. ಗಂಟು ಬಿಚ್ಚಲು ಸುಲಭವಾಗಿರಲೆಂದು ಸಡಿಲವಾಗಿ ಕಟ್ಟಿದ. ನಾನು ಹುಳುವನ್ನು ಒಂದು ತುಣುಕು ಬಳ್ಳಿಯ ಸಮೇತ ಚೊಂಬಿಗೆ ಬಿಟ್ಟು ಬಂದವರ ಕೈಗೆ ಕೊಟ್ಟೆ.

"ನಾನು ಏನೂ ಒಯ್ಯೋಕೆ ಬಂದೋನಲ್ಲ," ಎಂದರು ಅವರು ಗೋಡೆಗೆ. "ನಿಜವಾಗ್ಲೂ ಬಸ್ಸು ತಪ್ಪಿತ್ತು."

"ಅದೆಲ್ಲ ನಿಮ್ಮ ಕೈಲಿಲ್ಲಪ್ಪ," ಎಂದಳು ಅಜ್ಜಿ ಸಮಾಧಾನವಾಗಿ. "ಕೋಳಿ ಮೊಟ್ಟೆ ಇಡತ್ತೆ, ಅದನ್ನೇ ಒಯ್ರಿ. ನಾವು ಬೇಜಾರು ಮಾಡ್ಕೊಳ್ಳಲ್ಲ." ಹೇಳಿ, ಪದ್ಧತಿಯಂತೆ ಕಣ್ಣು ಮುಚ್ಚಿಕೊಂಡು ಒಳಗಿನ ಕೋಣೆಗೆ ಹೋಗಿ ಕೂತಳು.

ಅವರು ಚೊಂಬನ್ನು ಎರಡೂ ಕೈಯಲ್ಲಿ ಹಿಡಿದು ಹೊಸಿಲು ದಾಟಿದರು. ಹೇಂಟೆ ಕೊಕ್ಕೊಕ್ಕೆಂದು ಪಕ್ಕಕ್ಕೆ ಸರಿಯಿತು. ಅವರು ಅದನ್ನು ನೋಡಲಿಲ್ಲ, ಮೆಟ್ಟಿಲಿಳಿದು ಬಿಸಿಲಿನಲ್ಲಿ ನಿಂತುಬಿಟ್ಟರು. ಮೈನತ್ತೆ ಕೋಣೆಯಿಂದ ಬಂದಳು. ಕೈಯಲ್ಲಿ ಸಣ್ಣದೊಂದು ಗಂಟು. ಅದರೊಳಗಿನ ಕತ್ತರಿಯ ತುದಿ ಬಟ್ಟೆಯಿಂದ ಹೊರಗೆ ಇಣುಕುತ್ತಿತ್ತು. ಅಪ್ಪನ ಕಾಲು ಮುಟ್ಟಿದಳು. ಅಪ್ಪ ಅವಳ ತಲೆಯ ಮೇಲಿಟ್ಟ ಕೈಯನ್ನು ತೆಗೆಯುವುದನ್ನು ಮರೆತ.

"ಬಿಡೋ ಅಣ್ಣ, ಬಸ್ಸು ತಪ್ಪತ್ತೆ," ಎಂದಳು.

ಚಪ್ಪಲಿ ಮೆಟ್ಟಿಕೊಳ್ಳುವಾಗ ನನ್ನ ಭುಜ ಹಿಡಿದಳು. ಬಗ್ಗಿಕೊಂಡೇ ಕೇಳಿದಳು. "ಯಾವುದೇ ಸುಳ್ಳು? ಮೊದಲನೇದೋ, ಎರಡನೇದೋ?"

"ಗೊತ್ತಿಲ್ಲ ಅತ್ತೆ."

"ನಿಜವಾಗ್ಲೂ?"

"ನಿಜವಾಗ್ಲೂ ಗೊತ್ತಿಲ್ಲ."

ಅವಳು ನಕ್ಕಳು. ಆ ನಗು ಈ ಸಲ ಯಾರಿಗೆ ಸೇರಿದ್ದೆಂದು ನಾನು ಯೋಚಿಸುವಷ್ಟರಲ್ಲಿ ಮೆಟ್ಟಿಲಿಳಿದಿದ್ದಳು. ಅವರು ಛತ್ರಿ ಬಿಚ್ಚಿದರು. ಚೊಂಬಿನ ನೀರು ಚೆಲ್ಲದ ಹಾಗೆ, ಇಬ್ಬರೂ ಸಣ್ಣ ಸಣ್ಣ ಹೆಜ್ಜೆಯಿಡುತ್ತ, ಗಂಗಾಬಾಯಿಯ ಖಾನಾವಳಿ ದಾಟಿ, ಬೀದಿಯ ತಿರುವಿನಲ್ಲಿ ಮರೆಯಾದರು. ಖಾನಾವಳಿಯ ಜನವೆಲ್ಲ ಗೌರವದಿಂದ ಗೋಡೆಯ ಕಡೆ ತಿರುಗಿ ನಿಂತಿದ್ದರು. ನಾನೊಬ್ಬಳೇ ಸೀದಾ ನೋಡಿದೆ, ಕಾಣುವಷ್ಟು ದೂರ.

ಒಳಗಿನ ಕೋಣೆಯಿಂದ ಅಜ್ಜಿ ಕೂಗಿದಳು. "ಹೋದ್ರೇನೇ?"

"ಹೋದ್ರು ಅಜ್ಜಿ."

"ಕೋಳಿ ಒಯ್ದ್ರಾ?"

ಅಪ್ಪ ಕಂಬಕ್ಕೆ ಒರಗಿ ನಿಂತಿದ್ದ. "ಇಲ್ಲ," ಎಂದೆ ನಾನು. "ಇಲ್ಲೇ ಇದೆ."

ಅಜ್ಜಿ ಮೈನಾ ಎಂದು ಕರೆಯುತ್ತಾಳೆ ಎಂದುಕೊಂಡೆ, ಕರೆಯಲಿಲ್ಲ.

"ನೆರಳಿಗೆ ಕಟ್ಟು ಅದನ್ನ," ಎಂದಳು ಆಮೇಲೆ. "ಬಿಸಿಲು ಏರ್ತಾ ಇದೆ."